ನೀನು ಬಂದದ್ದು ಎರಡು ಗಂಟೆಗೆ

ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳಾಗಿದ್ದ ಗೆಳತಿ ಕೇತಿಗೆ,

ಮಗು ಈಗ ತಾನೇ ಮಲಗಿತು. ಮಧ್ಯಾಹ್ನದ ಬಿಸಿಲು, ಮಂಡಿ ಕಡೆಯಿಂದ ಈರುಳ್ಳಿ ಲಾರಿಗಳ ಸದ್ದು. ಮಗು ಮಲಗಿದಾಗ ತಾಯಿಯೂ ಮಲಗಬೇಕು ಎಂದು ಎಷ್ಟು ಬಾಣಂತಿಯರಿಗೆ ನಾನೇ ಹೇಳಿಲ್ಲ? ನನಗೆ ಆಗುತ್ತಿಲ್ಲ ಕಣೇ. ಹೆಣ್ಣುಮಗು, ಐದು ತಿಂಗಳು ತುಂಬಿತು. ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ, ಹೊಟ್ಟೆ ಏಳುತ್ತದೆಯೇ ಇಳಿಯುತ್ತದೆಯೇ ನೋಡುತ್ತೇನೆ, ಮತ್ತೆ ನೋಡುತ್ತೇನೆ. ನಮ್ಮವರು ಬೈದೂ ಬೈದೂ ಸಾಕಾಗಿ ಸುಮ್ಮನಾಗಿದ್ದಾರೆ. ಮಲಗಿದರೆ ಏನೋ ತಪ್ಪಿಹೋಗುತ್ತದೆ ಎನ್ನಿಸುತ್ತದೆ. ಒಂದು ಸಲ ತಪ್ಪಿಹೋಗಿದೆ ತಾನೇ. ಅವತ್ತು ಮೂರೂಕಾಲಿಗೆ ನಿನ್ನ ಫೋನ್ ಬಂದಿತ್ತು. ಎಂಟು ತಿಂಗಳ ಹೊಟ್ಟೆ ಹೊತ್ತು ನಾನು ನಿದ್ದೆ ಮಾಡುತ್ತಿದ್ದೆ. ಸಂಜೆ ಎದ್ದು ನೋಡಿ, ಟೀ ಕುಡಿದು ಮಾಡೋಣ ಅಂದುಕೊಂಡು...

ಚಾಮರಾಜನಗರದ ಆ ಹಾಸ್ಟೆಲಿಗೆ ನೀನು ಬಂದ ಮೊದಲ ದಿನ ನೆನಪಿದೆಯಾ? ಗುಂಡ್ಲುಪೇಟೆ ಆಚೆಯ ಮದ್ದೂರಿನ ಕಾಡಂಚಿನ ಹಾಡಿಯಿಂದ ನರ್ಸಿಂಗ್ ಓದಲು ಬಂದ ಮೊದಲ ಸೋಲಿಗರ ಹುಡುಗಿ ಎಂದು ವಾರ್ಡನ್ ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಪರಿಚಯ ಮಾಡಿದರು, ವಸ್ತುಪ್ರದರ್ಶನದಲ್ಲಿ ಇಟ್ಟ ಹಾಗೆ. ಊಟದ ಹೊತ್ತಿಗೆ ಒಬ್ಬಳು ತಟ್ಟೆ ಸರಿಸಿಕೊಂಡು ಕೂತಳು. ಇನ್ನೊಬ್ಬಳು ಕೇಳಿಯೇಬಿಟ್ಟಳು, "ನಿಮ್ಮ ಕಡೆ ಹಾವು ತಿಂತಾರಂತೆ, ಹೌದಾ?" ನೀನು ಮುದ್ದೆ ಮುರಿಯುತ್ತಾ, ತಲೆ ಕೂಡ ಎತ್ತದೆ ಅಂದೆ: "ಇಲ್ಲ ಕಣಮ್ಮಿ. ಆದ್ರೆ ಈ ಆಸ್ಟೆಲ್ ಸಾರ ಉಂಡು ಅರಗಿಸ್ಕಂಡ್ರೆ, ಆಮೇಕೆ ಆವಾದ್ರೂ ಅರಗೀತದೆ ಬುಡು." ನಗು ತಡೆಯಲಾಗದೆ ನನ್ನ ಮೂಗಿಗೆ ಸಾರು ಹತ್ತಿತು. ಅವತ್ತಿನಿಂದ ನಾವಿಬ್ಬರೂ ಜೊತೆ. ಜೊತೆ ಅಂದುಕೊಂಡಿದ್ದೆ.

ಎರಡನೇ ವರ್ಷದ ಆ ನಾಟಕದ ಬಗ್ಗೆ ನಾವು ಮತ್ತೆಂದೂ ಮಾತಾಡಲೇ ಇಲ್ಲ. ಕಮ್ಯುನಿಟಿ ನರ್ಸಿಂಗ್ ಕ್ಲಾಸಿನಲ್ಲಿ ಪಾತ್ರ ಹಂಚುವಾಗ ಮೇಡಂ ನಿನ್ನ ಕಡೆ ಬೆರಳು ಮಾಡಿ, "ಟ್ರೈಬಲ್ ಪೇಷೆಂಟ್ ಇವಳೇ ಮಾಡ್ಲಿ, ಇವಳಿಗೆ ಸುಲಭ" ಎಂದರು. ನನಗೆ ನರ್ಸಿನ ಪಾತ್ರ. ಕೊನೆಯ ಮುಟ್ಟು ಯಾವಾಗ ಆಯಿತು ಎಂದು ನಾನು ಕೇಳಬೇಕು, ನೀನು ಗೊತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕು, ಎಲ್ಲರೂ ನಗಬೇಕು. ನೀನು ತಲೆ ಕೆರೆಯಲಿಲ್ಲ. "ರಾಗಿ ತೆನೆ ಬಿಟ್ಟಾಗ ಆದದ್ದೇ ಕಡೆ, ಮಾರಲ್‌ಮಾಸೆ ಇನ್ನೊಂದು ವಾರ ಇತ್ತು" ಎಂದೆ, ಮಹಾಲಯ ಅಮಾವಾಸ್ಯೆಯ ಲೆಕ್ಕ ಹಿಡಿದು. ಮೊದಲ ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು, ಯಾವ ಕಾಲು ಮೊದಲು ಊದಿತು, ಎಲ್ಲ ಹೇಳಿದೆ. ಮೇಡಂ ತಡೆದರು. "ಹಿಂಗಲ್ಲ ಕಣಮ್ಮ. ಪೇಷೆಂಟ್‌ಗೆ ಏನೂ ಗೊತ್ತಿರಬಾರದು. ಡೇಟ್ ಹೇಳ್ಲಿಲ್ಲ ತಾನೆ? ಪೂರ್ ಹಿಸ್ಟೋರಿಯನ್ ಅಂತ ಬರ್ಕೋ ಸವಿತ."

ತಮ್ಮ ಕಾಯಿಲೆಯ ಕಥೆಯನ್ನು ತಾವೇ ಹೇಳಲು ಬಾರದವರು ಎನ್ನುವುದಕ್ಕೆ ನಮ್ಮ ಕಸುಬಿನಲ್ಲಿ ಇರುವ ಮಾತು ಅದು. ನಾನು ಬರೆದುಕೊಂಡೆ. ಚಪ್ಪಾಳೆ ಬಿತ್ತು. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀನು ಕೇಳಿದ್ದು ಒಂದೇ ಮಾತು. "ಅವ್ರಿಗೆ ಗೊತ್ತಿಲ್ಲ, ಮೈಸೂರೋರು. ಉಡಿಗಾಲದಾಗೆ ರಾಗಿ ಯಾವಾಗ ತೆನೆ ಬುಡ್ತದೆ ಅಂತ ನಿಂಗೂ ಗೊತ್ತಿಲ್ವಾ ಅಮ್ಮಿ?" ಗೊತ್ತಿತ್ತು. ಉಡಿಗಾಲ ನಮ್ಮೂರು, ನಮ್ಮಪ್ಪನ ಹೊಲದಲ್ಲಿ ತೆನೆ ಕೊಯ್ದು ಬೆಳೆದವಳು ನಾನು. ನೀನು ಹೇಳಿದ ದಿನಕ್ಕೂ ಕ್ಯಾಲೆಂಡರಿಗೂ ಎರಡು ದಿನದ ವ್ಯತ್ಯಾಸವೂ ಇಲ್ಲದಂತೆ ಲೆಕ್ಕ ಹಾಕಬಲ್ಲೆ. ಆದರೂ ಬರೆದೆ. ಯಾಕೆ ಬರೆದೆ? ಮಾರ್ಕ್ಸಿಗಾ? ರಾಗಿ ಲೆಕ್ಕ ನನಗೂ ತಿಳಿಯುತ್ತದೆ ಎಂದರೆ ನನ್ನನ್ನೂ ನಿನ್ನ ಜೊತೆ ಸೇರಿಸಿಬಿಡುತ್ತಾರೆ ಎಂದಾ?

ಹೋಗಲಿ, ಅಲ್ಲಿಗೇ ನಿಂತಿದ್ದರೆ ಇಷ್ಟು ಬಳಲುತ್ತಿರಲಿಲ್ಲ. ಓದು ಮುಗಿಸಿ ನೀನು ಹಾಡಿಗಳಿಗೆ ಹೋಗುವ ಸಂಚಾರಿ ಆಸ್ಪತ್ರೆಯ ಗಾಡಿಗೆ ನರ್ಸಾದೆ, ನಾನು ಕಾಲೇಜಿನಲ್ಲೇ ಪಾಠ ಹೇಳುವ ಮಿಸ್ ಆದೆ. ಪಾಠದ ಫೈಲು ಮೇಡಂ ಕೈಯಿಂದ ನನಗೆ ಬಂತು, ನಾಟಕವೂ ಅದರಲ್ಲೇ ಬಂತು. ನಾಲ್ಕು ವರ್ಷ ನಾನು ಅದನ್ನೇ ಮಾಡಿಸಿದೆ ಕೇತಿ. ಗಿರಿಜನ ರೋಗಿ ಎಂದರೆ ತಲೆ ಕೆದರಿಕೊಂಡು ಬರಬೇಕು, ಸೂಜಿ ಕಂಡು ಓಡಬೇಕು. ಹುಡುಗಿಯರು ನಗುತ್ತಿದ್ದರು, ಕ್ಲಾಸು ಚೆನ್ನಾಗಿ ಆಯಿತು ಎಂದುಕೊಳ್ಳುತ್ತಿದ್ದೆ. ನಿನಗೆ ಇದನ್ನು ಯಾವತ್ತೂ ಹೇಳಲಿಲ್ಲ. ನೀನು ಕೇಳಲೂ ಇಲ್ಲ. ಕೇಳಬಾರದು ಎಂದು ಸುಮ್ಮನಿದ್ದೆಯಾ?

ಇಬ್ಬರೂ ಬಸುರಿಯಾದದ್ದು ಒಂದೇ ವಾರದ ಅಂತರದಲ್ಲಿ. ಫೋನಿನಲ್ಲಿ ನೀನು ನನ್ನ ಬಿ.ಪಿ. ಕೇಳುತ್ತಿದ್ದೆ, ನಾನು ನಿನ್ನದು. ಗುಂಡ್ಲುಪೇಟೆಗೆ ಮದುವೆಯಾಗಿ ಬಂದ ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹೋದ ತಕ್ಷಣ "ಬನ್ನಿ ಮಿಸ್" ಎಂದು ಫ್ಯಾನಿನ ಕೆಳಗೆ ಕುರ್ಚಿ. ಡ್ಯೂಟಿಯಲ್ಲಿದ್ದ ಸೌಮ್ಯ ನನ್ನದೇ ಶಿಷ್ಯೆ. ತಲೆನೋವು ಎಂದರೆ ಸಾಕು, ಎರಡೆರಡು ಸಲ ಬಿ.ಪಿ. ನೋಡುತ್ತಿದ್ದಳು. ನೀನು ಅವತ್ತು ಹೋದದ್ದೂ ಅದೇ ಆಸ್ಪತ್ರೆಗೆ. ನಾನೇ ಹೇಳಿದ್ದೆ ತಾನೇ, ಅಲ್ಲಿ ಚೆನ್ನಾಗಿ ನೋಡ್ತಾರೆ ಎಂದು.

ನಿನ್ನ ಸಾವಿನ ಸುದ್ದಿ ಬಂದಾಗ ನನ್ನನ್ನು ಹೊಸಿಲು ದಾಟಲು ಬಿಡಲಿಲ್ಲ. ಬಸುರಿ ಸಾವಿನ ಮನೆಗೆ ಹೋಗಬಾರದು ಎಂದರು ಅತ್ತೆ. ಆಮೇಲೆ ಹೆರಿಗೆ, ಆಮೇಲೆ ಬಾಣಂತನ. ಏನಾಯಿತು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: "ತಡವಾಗಿ ಕರ್ಕೊಂಡು ಬಂದ್ರಂತೆ. ಆಡಿಯೋರು ಅಂಗೇ ಅಲ್ವಾ." ನಾನೂ ನಂಬಿದೆ. ನಿನ್ನ ಗಂಡ ಮಾದಣ್ಣನ ಮೇಲೆ ಒಳಗೊಳಗೇ ಸಿಟ್ಟು ಮಾಡಿಕೊಂಡೆ. ಹೊಟ್ಟೆಯಲ್ಲಿದ್ದ ಮಗುವನ್ನೂ ನಿನ್ನನ್ನೂ ಹೀಗೆ ಕಳೆದನಲ್ಲ ಎಂದು ಬೈದುಕೊಂಡೆ. ನಿನ್ನನ್ನು ಬಲ್ಲ ನಾನು. ನಿನ್ನ ಕಾಲು ಊದಿದರೆ ನೀನು ಮನೆಯಲ್ಲಿ ಕೂರುವವಳಾ ಎಂದು ಒಂದು ಕ್ಷಣವಾದರೂ ನನಗೆ ಹೊಳೆಯಬಾರದಿತ್ತೇ?

ಹದಿನೈದು ದಿನದ ಹಿಂದೆ ಪ್ರಿನ್ಸಿಪಾಲರು ಫೋನಿಗೆ ಒಂದು ಕಡತ ಕಳಿಸಿದರು. ರಜೆ ಮುಗಿಸಿ ಬಂದ ಮೇಲೆ ಹೊಸ ಬ್ಯಾಚಿಗೆ ಇದನ್ನು ಪಾಠ ಮಾಡಬೇಕು ಎಂದರು. ಶೀರ್ಷಿಕೆ: ತಡವಾಗಿ ಬರುವ ಗಿರಿಜನ ತಾಯಂದಿರು. ಒಳಗೆ ಒಂದು ಕೇಸ್ ಶೀಟಿನ ನಕಲು, ಹೆಸರು ಅಳಿಸಿತ್ತು. ಮಗುವನ್ನು ಭುಜದ ಮೇಲೆ ಹಾಕಿಕೊಂಡು ಓದುತ್ತಾ ಹೋದೆ. ಮೂವತ್ತೆರಡು ವಾರ ದಾಟಿದ ಬಸುರಿ. ಊರು, ಮದ್ದೂರಿನ ಹಾಡಿ. ಕಸುಬು, ಕೂಲಿ. ಬಂದ ಸಮಯ, ಸಂಜೆ ಆರೂವರೆ. ಮನೆಯವರು ತಡವಾಗಿ ಕರೆತಂದಿದ್ದಾರೆ. ಮೈಸೂರಿಗೆ ಕಳಿಸುವಾಗ ದಾರಿಯಲ್ಲಿ ಸಾವು. ಮೇಲುಗಡೆ ಮೂಲೆಯಲ್ಲಿ, ನಾನೇ ಕ್ಲಾಸಿನಲ್ಲಿ ತಿದ್ದಿದ ಸೌಮ್ಯಳ ಗುಂಡು ಅಕ್ಷರದಲ್ಲಿ: ಪೂರ್ ಹಿಸ್ಟೋರಿಯನ್.

ಆರೂವರೆ. ಮೂರೂಕಾಲಿಗೆ ನೀನು ನನಗೆ ಫೋನ್ ಮಾಡಿದ್ದು ಮತ್ತೆಲ್ಲಿಂದ?

ಸೌಮ್ಯಳನ್ನು ಮನೆಗೆ ಕರೆಸಿದೆ. ಮಗುವಿಗೆ ಒಂದು ಟೋಪಿ ತಂದಿದ್ದಳು. ಕಡತ ತೋರಿಸಿದ ಮೇಲೆ ಟೋಪಿಯನ್ನು ಕೈಯಲ್ಲೇ ಹಿಡಿದು ಕೂತಳು. "ಎರಡು ಗಂಟೆಗೇ ಬಂದಿದ್ರು ಮಿಸ್. ವರಾಂಡದ ಬೆಂಚಲ್ಲಿ ಕುಂತ್ಕೊಳಿ ಅಂದೆ. ಆಡಿಯೋರು ಬಂದ್ರೆ ಅಲ್ ಕೂರ್ಸೋದು ರೂಢಿ. ತಲೆ ಸಿಡೀತದೆ, ಕಣ್ಣು ಮಂಜಾಗ್ತದೆ, ಬಿ.ಪಿ. ನೋಡಿ, ಯೂರಿನ್‌ಲ್ಲಿ ಆಲ್ಬುಮಿನ್ ನೋಡಿ ಅಂದ್ರು. ಸಿಸ್ಟರ್ ಒಬ್ರು, ಓ ಡಾಕ್ಟರಮ್ಮ ಬಂದವ್ರೆ ಅಂದ್ರು. ನಾನೂ ನರ್ಸೇ ಕಣವ್ವ ಅಂದ್ರು ಇವ್ರು. ನಾವು... ನಕ್ಬುಟ್ವಿ ಮಿಸ್." ಫಿಟ್ಸ್ ಬಂದ ಮೇಲೆಯೇ ನಿನ್ನನ್ನು ಒಳಗೆ ಮಲಗಿಸಿದ್ದು, ಆಗಲೇ ಕೇಸ್ ಶೀಟು ತೆರೆದದ್ದು. ತೆರೆದ ಸಮಯವೇ ಬಂದ ಸಮಯವಾಯಿತು.

"ಅವಳು ಅಷ್ಟೆಲ್ಲ ಹೇಳಿದ ಮೇಲೂ ಪೂರ್ ಹಿಸ್ಟೋರಿಯನ್ ಅಂತ ಯಾಕೆ ಬರೆದೆ?" ಎಂದು ಕೇಳಿದೆ. ಸೌಮ್ಯ ನನ್ನ ಮುಖ ನೋಡಿದಳು. ಅದರಲ್ಲಿ ಎದುರುತ್ತರದ ಸೊಕ್ಕಿರಲಿಲ್ಲ, ನಿಜವಾಗಿಯೂ ಅರ್ಥವಾಗದ ಮುಖ. "ಟ್ರೈಬಲ್ ಕೇಸ್ ಅಂದ್ರೆ ಅದನ್ನ ಮೊದ್ಲೇ ಬರ್ಕೊಳಿ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಮಿಸ್." ಟೀ ಕುಡಿದು ಹೋಗು ಎಂದೆ. ಕುಡಿಯದೆ ಹೋದಳು.

ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಇದು ನನ್ನ ಗೆಳತಿ, ಸಮಯ ಸುಳ್ಳು, ಈ ಪಾಠ ಮಾಡಲಾರೆ ಎಂದೆ. ಅವರು ಕೆಟ್ಟವರಲ್ಲ, ನಿನಗೂ ಗೊತ್ತು. ಸಮಾಧಾನವಾಗಿಯೇ ಹೇಳಿದರು: "ಹೆಸರು ತೆಗ್ದಿದೀವಲ್ಲಮ್ಮ. ನೀನು ಮಗು ನೋಡ್ಕೋ, ಎಮೋಷನಲ್ ಆಗ್ಬೇಡ." ಹೆಸರು ತೆಗೆದರೆ ಉಳಿಯುವುದೇನು ಎಂದು ಕೇಳಬೇಕೆಂದುಕೊಂಡೆ. ಮಗು ಅತ್ತಿತು, ಫೋನ್ ಇಟ್ಟೆ. ನನ್ನದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ, ಈ ಸಲ ಮುಂದುವರಿಸದೇ ಇರಬಹುದು. ನಮ್ಮವರು, "ಸತ್ತೋರು ಬತ್ತಾರಾ ಸವಿ?" ಎಂದರು. ಬರುವುದಿಲ್ಲ. ಆದರೆ ಇರುವವರು? ನಾಳೆ ಮೂವತ್ತು ಹುಡುಗಿಯರು ನಿನ್ನ ಸಾವನ್ನು ನೋಟ್ಸಿನಲ್ಲಿ ಬರೆದುಕೊಂಡು, ನಿನ್ನಂಥವಳು ಎದುರಿಗೆ ಬಂದಾಗ ವರಾಂಡದ ಬೆಂಚು ತೋರಿಸುತ್ತಾರಲ್ಲ?

ಅದಕ್ಕೇ ಮೊನ್ನೆ ಮಗುವನ್ನು ಕಟ್ಟಿಕೊಂಡು ಕೇರಳದ ಬತ್ತೇರಿಗೆ ಹೋಗುವ ಬಸ್ಸು ಹತ್ತಿದೆ. ಚೆಕ್‌ಪೋಸ್ಟ್ ಹತ್ತಿರ ಇಳಿದು ನಿನ್ನ ಹಾಡಿಗೆ ನಡೆದೆ. ಮಾದಣ್ಣ ಜಗಲಿಯ ಮೇಲಿದ್ದ. ಸೊರಗಿದ್ದಾನೆ. ನನಗೆ ಚಾಪೆ ಹಾಸಿ, ಮಗುವನ್ನು ನೋಡಿ, ಬೇಗ ಬೇರೆ ಕಡೆ ತಿರುಗಿದ. ನಾನು ಕೇಳುವ ಮೊದಲೇ ಶುರು ಮಾಡಿದ. "ನಾನೇ ತಡ ಮಾಡ್ಬುಟ್ಟೆ ಕಣಕ್ಕ. ಬೆಳಿಗ್ಗೆನೇ ತಲೆನೋವು ಅಂದ್ಲು. ಬಸ್ಸು ಬರ್ನಿಲ್ಲ. ಒಂದು ಜೀಪಾದ್ರೂ ಕೈ ಅಡ್ಡ ಹಾಕಿ ನಿಲ್ಲುಸ್ಬೇಕಿತ್ತು. ಇಷ್ಟ್ ಒತ್ತಿಗೆ ಕರ್ಕಂಡು ಬತ್ತೀಯಾ ಅಂತ ಡಾಕ್ಟ್ರು ಎಲ್ರ ಮುಂದ್ಲೂ ಕೂಗಾಡಿ ಉಗುದ್ರು. ಸಂಜೆಗೆ ಬಂದಿದ್ದ ಅವ್ವ ಅದ ಕೇಳುಸ್ಕಂಡವಳು, ಅವತ್ತಿಂದ ನನ್ ಕೂಡೆ ಮಾತಾಡಾಕಿಲ್ಲ."

ಆರು ತಿಂಗಳು. ನಿನ್ನ ಅತ್ತೆ ಆರು ತಿಂಗಳಿಂದ ಮಗನ ಜೊತೆ ಮಾತು ಬಿಟ್ಟಿದ್ದಾಳೆ ಕೇತಿ. ತಟ್ಟೆ ಇಟ್ಟು ಹೋಗುತ್ತಾಳಂತೆ, ಅಷ್ಟೆ.

ಆಸ್ಪತ್ರೆಯ ಚೀಟಿ ಏನಾದರೂ ಇದೆಯಾ ಎಂದೆ. ಒಳಗಿನಿಂದ ನಿನ್ನ ನರ್ಸಿಂಗ್ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರು ತಂದ. ಅದರಲ್ಲಿ ನಾಲ್ಕು ಮಡಿಕೆಯ ಹೊರರೋಗಿ ಚೀಟಿ. ಕೌಂಟರಿನಲ್ಲಿ ಬಂದ ಕೂಡಲೇ ಕೊಡುವ ಚೀಟಿ, ಸಮಯ ಅದರ ಮೇಲೆಯೇ ಅಚ್ಚಾಗಿರುತ್ತದೆ. ಎರಡು ಗಂಟೆ ಎಂಟು ನಿಮಿಷ. ಅವನಿಗೆ ತೋರಿಸಿ ಹೇಳಿದೆ: ನೀವು ಬಂದಾಗ ಹೊತ್ತಿತ್ತು ಮಾದಣ್ಣ. ಆಗಲೇ ಬಿ.ಪಿ. ನೋಡಿ ಸೂಜಿ ಹಾಕಿದ್ದರೆ ಫಿಟ್ಸ್ ತಡೆಯುವಷ್ಟು ಹೊತ್ತಿತ್ತು. ಅವಳು ಬದುಕುತ್ತಿದ್ದಳು ಎಂದು ಆಣೆ ಮಾಡಿ ಹೇಳಲಾರೆ. ಹೊತ್ತಿತ್ತು ಎಂದು ಹೇಳಬಲ್ಲೆ. ತಡ ಮಾಡಿದ್ದು ನೀನಲ್ಲ. ಆಮೇಲೆ ನನ್ನ ನಾಟಕದ ಕಥೆಯನ್ನೂ ಸೌಮ್ಯಳಿಗೆ ಕಲಿಸಿದ್ದನ್ನೂ ಹೇಳಿದೆ. ಅವನು ಚೀಟಿಯನ್ನು ಮೊದಲಿನ ಮಡಿಕೆಗಳಲ್ಲೇ ಮಡಿಚಿದ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ನಾನು ಹಗುರವಾಗಲು ಅವನು ಯಾಕೆ ಬೈಯಬೇಕು ಹೇಳು.

ಚೀಟಿಯ ನಕಲನ್ನೂ ನನ್ನ ಫೋನಿನಲ್ಲಿ ಉಳಿದ ನಿನ್ನ ಕರೆಯ ಸಮಯವನ್ನೂ ಸೇರಿಸಿ, ತಾಯಂದಿರ ಸಾವಿನ ವಿಚಾರಣೆ ಮಾಡುವ ಸಮಿತಿಗೆ ನಿನ್ನೆ ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ. ನಿನ್ನ ಹೆಸರು ಪೂರ್ತಿ ಬರೆದಿದ್ದೇನೆ, ಕಸುಬಿನ ಜಾಗದಲ್ಲಿ ನರ್ಸ್ ಎಂದು ಬರೆದಿದ್ದೇನೆ, ನಾನು ಕಲಿಸಿದ್ದು ಏನು ಎಂಬುದನ್ನೂ ಬಿಡದೆ ಬರೆದಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ಪರಿಶೀಲಿಸಲಾಗುವುದು ಎಂದು ಒಂದು ಕಾಗದ ಬರಬಹುದು. ಸೌಮ್ಯ ಸಹಿ ಹಾಕುತ್ತೇನೆ ಎಂದಳು, ಬೆಳಗಾಗುವಷ್ಟರಲ್ಲಿ ಬೇಡ ಮಿಸ್ ಎಂದು ಮೆಸೇಜ್ ಕಳಿಸಿದಳು. ಅವಳನ್ನು ಬೈಯುವ ಶಕ್ತಿಯೂ ನನಗಿಲ್ಲ.

ಆದರೆ ನಿನಗೆ ಗೊತ್ತಿರದ ಸುದ್ದಿ ಒಂದಿದೆ. ನಾನು ಹೊರಡಲು ಎದ್ದಾಗ ಮಾದಣ್ಣ ಅಂದ, "ಅವ್ವಂಗೂ ಒಂದ್ಸಲ ಯೋಳಕ್ಕ. ಗಟ್ಯಾಗಿ ಯೋಳು, ಕಿವಿ ಕೇಳಾಕಿಲ್ಲ." ಹಿತ್ತಲಲ್ಲಿ ನಿನ್ನ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹತ್ತಿರ ಕುಕ್ಕುರುಗಾಲಲ್ಲಿ ಕೂತು ಹೇಳಿದೆ. ಕೇಳಿಸಲಿಲ್ಲ. ಕೂಗಿ ಹೇಳಿದೆ, ಮಗು ಬೆಚ್ಚಿ ಅತ್ತಿತು, ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವರೆಲ್ಲರಿಗೂ ಕೇಳುವ ಹಾಗೆ ಮೂರನೇ ಸಲ ಹೇಳಿದೆ: ನಿಮ್ಮ ಮಗ ತಡ ಮಾಡಲಿಲ್ಲ ಕಣಜ್ಜಿ, ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದಿದ್ದ, ಒಳಗೆ ಬಿಡಲಿಲ್ಲ. ಅವಳು ಸೊಪ್ಪಿನ ಕಡ್ಡಿಗಳನ್ನು ಮಡಿಲಿನಿಂದ ಕೊಡವಿ, ಗೋಡೆ ಹಿಡಿದು ನಿಧಾನವಾಗಿ ಎದ್ದಳು. ನನ್ನ ಕಡೆ ನೋಡಲೇ ಇಲ್ಲ. ಜಗಲಿಯವರೆಗೆ ನಡೆದು ಹೋಗಿ ಮಗನ ಮುಂದೆ ನಿಂತಳು.

"ಉಂಡ್ಯಾ ಮಗ?" ಅಂದಳು.

ನಿನ್ನ
ಸವಿತ