ಮೂರು ದಿನದ ವಿನಾಯಿತಿ

ಫೆಬ್ರವರಿ 7, ಸಂಜೆ

ಇವತ್ತು ತೊಂಬತ್ತೆರಡು ಬ್ಯಾಡ್ಜ್ ಹೊಲಿದೆ. ಹಸಿರು ದಾರ ಖಾಲಿ. ನಮ್ಮೂರಿನ ಸೇನಾ ಡಿವಿಷನ್ನನ್ನೇ ಮುಚ್ಚುತ್ತಾರಂತೆ. ಇರುವ ಸೈನಿಕರೆಲ್ಲ ಗುಡ್ಡದಾಚೆಯ ಡಿವಿಷನ್ನಿಗೆ. ಹಳೆಯ ಬ್ಯಾಡ್ಜ್ ಬಿಚ್ಚು, ಹೊಸದು ಹಾಕು. ಹೊಲಿಗೆ ಅಂಗಡಿ ಇಟ್ಟು ಮೂವತ್ತು ವರ್ಷ, ಇಂಥ ವ್ಯಾಪಾರ ಕಂಡಿರಲಿಲ್ಲ. ಆರುವ ದೀಪಕ್ಕೆ ಉರಿ ಜಾಸ್ತಿ. ಮಾರ್ಚಿಗೆ ಬೀದಿಯಲ್ಲಿ ಒಂದು ಬೂಟೂ ಇರುವುದಿಲ್ಲ.

ಸಾರ್ಜೆಂಟ್ ಮೇಂಗ್‌ನನ್ನು ಕೇಳಿದೆ. "ಯಾಕಪ್ಪಾ, ಉತ್ತರದವರ ಜೊತೆ ಯುದ್ಧ ಮುಗೀತಾ?"

"ಯುದ್ಧ ಎಲ್ಲಿ ಮುಗೀತು ಚಿಕ್ಕಮ್ಮಾ! ಹುಡುಗ್ರೇ ಇಲ್ಲ. ಹುಟ್ಟಿದ್ರೆ ತಾನೆ ಸೇರಿಸ್ಕೊಳ್ಳೋದು?"

ಇದೊಳ್ಳೆ ಕಥೆ. ನಮ್ಮಪ್ಪ ಬಾರ್ಲಿ ಗಂಜಿ ಕುಡಿಸಿ ಏಳು ಮಕ್ಕಳನ್ನು ಸಾಕಿದ. ಹೊಟ್ಟೆ ತುಂಬಿದ ಮೇಲೆ ಮಕ್ಕಳು ಹುಟ್ಟುವುದು ನಿಂತದ್ದು ಹೇಗೆ? ಸಿಯೋಲ್‌ಗೆ ಫೋನ್ ಹಚ್ಚಿ ಮಗಳು ಮಿರಾನ್‌ಳನ್ನು ಕೇಳಿದೆ. ಮೂವತ್ತೊಂಬತ್ತು, ಮದುವೆಯಿಲ್ಲ.

"ನೀನೂ ಒಂದಕ್ಕೇ ನಿಲ್ಲಿಸ್ದೆ. ನನ್ನೇನಮ್ಮ ಕೇಳ್ತೀಯಾ?"

ನಾನು ನಿಲ್ಲಿಸಲಿಲ್ಲ. ಆಗಲಿಲ್ಲ. ಆರು ವರ್ಷ ಕಹಿ ಕಷಾಯ ಕುಡಿದೆ. ಅತ್ತೆ ಸಾಯುವವರೆಗೂ ಹಂಗಿಸಿದರು — "ಹೆಣ್ಣೊಂದು ಹೆತ್ತು ಹೊಟ್ಟೆಗೆ ಬೀಗ ಹಾಕ್ಕೊಂಡ್ಲು."

ಫೆಬ್ರವರಿ 9, ಮಧ್ಯಾಹ್ನ 3

ಎದುರಿನ ಕ್ಷೌರದಂಗಡಿಯ ತಾಕ್ ಬಂದ. ನಮ್ಮ ಯಜಮಾನರ ಹಳೆಯ ದೋಸ್ತ್. ಅವನದೂ ಮುಚ್ಚುತ್ತದೆ, ಆದರೂ ಹಲ್ಲು ಕಿರಿಯುತ್ತಾನೆ. ಹುಡುಗರೆಲ್ಲ ಎಲ್ಲಿ ಹೋದರು ಅಂತ ಅವನನ್ನೂ ಕೇಳಿದೆ.

"ಅರ್ಧ ನಾವೇ ಕಳ್ಕೊಂಡ್ವಲ್ಲ ಅತ್ಗೇ! ಎಂಬತ್ನಾಲ್ಕರಲ್ಲಿ, ಮಾಜಿ ಸೈನಿಕರ ಕಡ್ಡಾಯ ಕವಾಯತಿಗೆ ಹೋಗಿದ್ವಿ. ಮೈದಾನಕ್ಕೇ ಫ್ಯಾಮಿಲಿ ಪ್ಲಾನಿಂಗ್ ಬಸ್ಸು ಬಂತು. ಆಪರೇಷನ್ ಮಾಡಿಸ್ಕೊಂಡ್ರೆ ಉಳಿದ ಮೂರು ದಿನ ಕವಾಯತು ಮಾಫಿ. ಯಾರ್ ಬಿಡ್ತಾರೆ? ಮೊದ್ಲು ಕೈ ಎತ್ತಿದ್ದೇ ನಮ್ಮ ಮಿರಾನ್ ಅಪ್ಪ!"

ನಾನೂ ನಕ್ಕೆ. ಮೊದಲೇ ಗೊತ್ತಿದ್ದವಳ ಹಾಗೆ. ಅವನು ಹೋದ ಮೇಲೆ ಹೊಲಿದ ನಾಲ್ಕು ಬ್ಯಾಡ್ಜೂ ತಲೆಕೆಳಗು.

ಮಿರಾನ್ ಹುಟ್ಟಿದ್ದು ಎಂಬತ್ಮೂರರಲ್ಲಿ.

ಫೆಬ್ರವರಿ 12

ಊಟಕ್ಕೆ ಬಡಿಸಿ ಕೇಳಿದೆ. ಮೂಲಂಗಿ ಸಾರು ಆರಿದರೂ ಇವರು ತಲೆ ಎತ್ತಲಿಲ್ಲ.

"ಅಮ್ಮಂಗೆ ಗೊತ್ತಾಗಿದ್ರೆ ಕೊಂದೇಬಿಡ್ತಿದ್ಲು. ನಿಂಗೆ ಆಮೇಲೆ ಹೇಳೋಣ ಅಂತಿದ್ದೆ..."

"ಯಾವಾಗ? ಕಷಾಯ ಕುದಿಸಿ ಕೈಗೆ ಕೊಡ್ತಿದ್ದೋರೇ ನೀವು!"

ಬಟ್ಟಲು ಎತ್ತಿಕೊಂಡು ಎದ್ದುಬಿಟ್ಟೆ.

ಫೆಬ್ರವರಿ 21, ಬೆಳಿಗ್ಗೆ

ಒಂಬತ್ತು ದಿನ ಮಾತಿಲ್ಲ. ಇವತ್ತು ಅವರೇ ಅಂಗಡಿಗೆ ಬಂದರು. ಮೂಲೆಯಲ್ಲಿ ಕೂತು ಹಳೆಯ ಬ್ಯಾಡ್ಜುಗಳ ದಾರ ಬಿಚ್ಚತೊಡಗಿದರು. ನನ್ನ ಸಿಟ್ಟೇನೂ ಇಳಿದಿಲ್ಲ. ಆದರೆ ಒಂದು ವಿಷಯ ತಲೆ ಕೊರೆಯುತ್ತಿತ್ತು. ಕೇಳಿಯೇಬಿಟ್ಟೆ.

"ಆ ಮೂರು ದಿನ ಏನ್ ಮಾಡಿದ್ರಿ?"

"ಮನೇಲೇ ಇದ್ದೆ. ಬೇಗ ಬಂದ್ನಲ್ಲಾ ಅಂತ ನೀನು ಆಲೂಗಡ್ಡೆ ದೋಸೆ ಹಾಕ್ಕೊಟ್ಟೆ. ಮಿರಾನ್ ಆಗಷ್ಟೇ ನಡೆಯೋಕೆ ಕಲ್ತಿದ್ಲು. ಅವಳನ್ನ ಬೆನ್ನಿಗೆ ಕಟ್ಕೊಳ್ತಿದ್ದ ಬಟ್ಟೆ ಒಗೆದು ಹಾಕಿದ್ದೆ ನೀನು. ಇನ್ನೊಂದು ಮಗೂಗೆ ಆಗತ್ತೆ, ಎತ್ತಿಡ್ಲಾ ಅಂತ ನನ್ನೇ ಕೇಳ್ದೆ."

"ನೀವೇನಂದ್ರಿ?"

"ಎತ್ತಿಡು ಅಂದೆ."

ನೆನಪಾಯಿತು. ಹಳದಿ ಬಟ್ಟೆ. ಎತ್ತಿಟ್ಟೆ. ವರ್ಷಕ್ಕೊಮ್ಮೆ ತೆಗೆದು, ಬಿಸಿಲಿಗೆ ಹಾಕಿ, ಮಡಿಸಿ, ಮತ್ತೆ ಎತ್ತಿಟ್ಟೆ. ಆರು ವರ್ಷ.