ಆರಲು ಬಿಟ್ಟ ಗದ್ದೆ

ಗಬ್ಬೂರ, ಹುಬ್ಬಳ್ಳಿ
೧೮ ನವೆಂಬರ್ ೨೦೨೪

ನನ್ನವ್ವಾ ಸೌಂದರ್ಯಾ,

ಪಾಠ ಹೇಳಿ ಹೇಳಿ ನಿನ್ನ ಗಂಟಲು ಕಟ್ಟಿದೆ ಎಂದು ನಿನ್ನವ್ವ ಹೇಳಿದಳು. ಈಗ ಹೇಗಿದೆ? ಬಿಸಿನೀರು ಕುಡಿ, ಕೊಪ್ಪಳದ ಧೂಳಿನಲ್ಲಿ ಮೂಗು ಮುಚ್ಚಿಕೊಂಡು ಓಡಾಡು. ಇಲ್ಲಿ ನಾವು ಆರಾಮ. ಅವ್ವನ ಮೊಣಕಾಲು ಮಾತ್ರ ಚಳಿಗೆ ಹಟ ಹಿಡಿದಿದೆ. ಫೋನಿನಲ್ಲಿ ಮಾತಾಡುವವನು ಕಾಗದ ಏಕೆ ಬರೆದ ಎಂದುಕೊಳ್ಳಬೇಡ. ಕೆಲವು ಮಾತಿಗೆ ನನ್ನ ಬಾಯಿ ಏಳುವುದಿಲ್ಲ.

ನಮ್ಮ ಗದ್ದೆಯಲ್ಲಿ ಹನ್ನೆರಡು ವರ್ಷ ನೀರು ಕಟ್ಟಿದ ಹುಲಗೇಶ ಹೋದ ಬುಧವಾರ ತೀರಿಕೊಂಡ. ನಮ್ಮಲ್ಲಿ ಕೆಲಸ ಬಿಟ್ಟ ಮೇಲೆ ಬೈಪಾಸಿನ ಹತ್ತಿರ ಒಂದು ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಹೊತ್ತ ಚೀಲ ಇಳಿಸಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಮಣ್ಣಿಗೆ ನಾನೂ ಹೋಗಿದ್ದೆ.

ಅಂದಿನಿಂದ ಹಳೆಯದೆಲ್ಲ ನೆನಪಾಗುತ್ತಿದೆ. ಧಾರವಾಡದಲ್ಲಿ ಸಂಶೋಧನೆಗೆ ಸೇರಿದ ನೀನು, ಕಲಘಟಗಿ ದಾರಿಯ ನಮ್ಮ ಭತ್ತದ ಗದ್ದೆಯನ್ನು ಎರಡು ಮಾಡಿದೆ. ಒಂದರಲ್ಲಿ ಸದಾ ನೀರು, ಇನ್ನೊಂದಕ್ಕೆ ನೀರು ಕೊಟ್ಟು, ಆರಲು ಬಿಟ್ಟು, ಮತ್ತೆ ಕೊಡುವುದು. "ಅಪ್ಪಾ, ನೀರು ನಿಂತರ ಮಣ್ಣಾಗ ಗಾಳಿ ಇರೂದಿಲ್ಲ. ಬೇರಿನ ಸುತ್ತ ಒಂದು ಥರದ ಜೀವಿ ಹೆಚ್ಚಾಗ್ತಾವ. ಆರಿದರ ಗಾಳಿ ಬೇಕಾದಂಥವು ಬರ್ತಾವ. ಕಣ್ಣಿಗೆ ಕಾಣೂದಿಲ್ಲ ಖರೇ, ಆದ್ರ ಬೆಳಿ ಅವುಗಳ ಕೈಯಾಗ ಐತಿ" ಎಂದಿದ್ದೆ. ನನಗೆ ಅರ್ಧ ತಿಳಿಯಿತು, ಹುಲಗೇಶನಿಗೆ ಪೂರಾ. ಸದಾ ನೀರಿದ್ದ ಕಡೆ ಒಂದು ಸಸಿ ಕಿತ್ತು ಮೂಸಿ, "ಅಕ್ಕಾರ, ಬೇರು ಕರ್ರಗಾಗೇತಿ, ಕೊಳತ ತತ್ತಿ ನಾತ ಬರಾಕತ್ತೇತಿ. ಆರಿದ ಗದ್ದಿದು ಬೆಳ್ಳಗೈತಿ ನೋಡ್ರಿ" ಎಂದ. ನೀನು ಅದನ್ನು ಅವನ ಹೆಸರು ಹಾಕಿಯೇ ವಹಿಯಲ್ಲಿ ಬರೆದುಕೊಂಡೆ. ಎಷ್ಟು ಹಿಗ್ಗಿದ್ದ ಅಂದು!

ಮೂರನೆಯ ವರ್ಷ, ಕೊನೆಯ ಹಂಗಾಮು, ಮಳೆ ಕೈಕೊಟ್ಟಿತು. ಪರೀಕ್ಷೆಗೆ ಬೇರಿನ ಮಣ್ಣು ತೆಗೆಯುವವರೆಗೆ ಆರಿದ ಗದ್ದೆಗೆ ಹನಿ ನೀರೂ ಬೇಡ ಎಂದು ಹೇಳಿ ನೀನು ಎಂಟು ದಿನ ಧಾರವಾಡಕ್ಕೆ ಹೋದೆ. ಬಂದು ನೋಡಿದರೆ ಎರಡೂ ಕಡೆ ಪಾದ ಮುಳುಗುವಷ್ಟು ನೀರು. ಬದುವಿನ ಮೇಲೆ ಕುಸಿದು ಕೂತೆ. ಆಮೇಲೆ ಎದ್ದು ಹುಲಗೇಶನ ಮೇಲೆ ಕೂಗಿದೆ. "ನನ್ನ ಮೂರು ವರ್ಷ ನೀರಾಗ ಹಾಕಿದಿ!" ಅವನು ಹೆಗಲ ಟವೆಲ್ ಕೈಗೆ ತೆಗೆದುಕೊಂಡು "ತಪ್ಪಾತ್ರೀ ಅಕ್ಕಾರ" ಎಂದಷ್ಟೇ ಹೇಳಿದ. ಮರುದಿನದಿಂದ ಬರಲಿಲ್ಲ. ನಿನಗೆ ಕೊಟ್ಟ ಅವಧಿ ಮುಗಿಯಿತು, ಸಂಶೋಧನೆ ಬಿಟ್ಟು ಶಾಲೆ ಸೇರಿದೆ. ಮಕ್ಕಳಿಗೆ ಬೇರಿನ ಪಾಠ ಮಾಡುವಾಗ ನಿನಗೆ ಏನನಿಸುತ್ತದೆ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಅವ್ವ ಶೇಂಗಾ ಹೋಳಿಗೆ ಕಟ್ಟಿ ಕಳಿಸುತ್ತಿದ್ದಾಳೆ, ಜೊತೆಯ ಶಿಕ್ಷಕಿಯರಿಗೂ ಕೊಡು. ಆರೋಗ್ಯ ನೋಡಿಕೋ. ನೂರು ವರ್ಷ ಚೆನ್ನಾಗಿ ಬಾಳು ತಾಯಿ.

ನಿನ್ನ ಅಪ್ಪ,
ಗುರುಪಾದ

ತಾ.ಕ.: ಅಂದು ನಡುವಿನ ಬದು ಕಡಿದು ಆರಿದ ಗದ್ದೆಗೆ ನೀರು ಬಿಟ್ಟವನು ಹುಲಗೇಶನಲ್ಲ, ನಾನು. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಸೂಜಿಯಂತೆ ಸುತ್ತಿಕೊಂಡಿದ್ದವು, ನೋಡಲಾಗಲಿಲ್ಲ, ಸಲಿಕೆ ಹಾಕಿಬಿಟ್ಟೆ. ಅವನು ಓಡಿಬಂದು ನನ್ನ ಕೈ ಹಿಡಿದ. ಬೈದು ಕಳಿಸಿದೆ. ನೀನು ಕೂಗುವಾಗ ಅವನು ಒಂದೇ ಸಲ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನಿನ್ನೆ ಅವನ ಹೆಂಡತಿ ಕಾಳವ್ವನ ಮುಂದೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ನನಗ ಗೊತ್ತಿತ್ರಿ ಯಜಮಾನ್ರ. ಅಕ್ಕಾರಿಗೆ ಹೇಳ್ರಿ" ಎಂದಳು.