ಜಡೆ ಹಾಕುತ್ತಾ ಕಲಿತ ಇಂಗ್ಲಿಷ್

ಅಕ್ಕಾ,

ಇದನ್ನು ಕಳಿಸುವುದಿಲ್ಲ, ಅಂಚೆಗೆ ಹಾಕಿದರೆ ನಾನೇ ಸೋತ ಹಾಗಾಗುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೀನು ಜಡೆ ಹಾಕುತ್ತಲೇ ನನಗೆ ಇಂಗ್ಲಿಷ್ ಹೋಲಿಕೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ.

“ಆ್ಯಸ್ ಕೋಲ್ಡ್ ಆ್ಯಸ್?”

“ಐಸ್!”

“ಆ್ಯಸ್ ಬ್ಯುಸಿ ಆ್ಯಸ್?”

ಜೇನುನೊಣ ನೆನಪಾಗದಿದ್ದರೆ ಜಡೆ ಎಳೆದು, “ನಿನ್ನ ತಲೇಲಿ ಬರೀ ಕೂದಲೇ ಕಣೇ” ಎನ್ನುತ್ತಿದ್ದೆ.

ಈಗ ನನ್ನ ಮಗಳೂ ಏಳನೇ ಕ್ಲಾಸು. ಇವತ್ತು ಅವಳಿಗೆ ಪರೀಕ್ಷೆ. ಬೆಳಿಗ್ಗೆ ಜಡೆ ಹಾಕುತ್ತಾ ಕೇಳಿದೆ: “ಆ್ಯಸ್ ಸ್ಟಬರ್ನ್ ಆ್ಯಸ್? ಹಠಮಾರಿ ಅಂದ್ರೆ ಯಾರ ಥರ?”

“ನೀನೂ ದೊಡ್ಡಮ್ಮನೂ ಇದೀರಲ್ಲ, ಆ ಥರ! ಅವಳೇ ಮೊದ್ಲು ಫೋನ್ ಮಾಡ್ಲಿ ಅಂತ ಇಬ್ರೂ ಕೂತಿದೀರಲ್ಲ.”

ಪುಸ್ತಕದಲ್ಲಿರುವ ಉತ್ತರ ಹೇಸರಗತ್ತೆ. ಆದರೂ ತಪ್ಪು ಎಂದು ಜಡೆ ಎಳೆಯಲು ನನಗೆ ಕೈ ಬರಲಿಲ್ಲ.